ಉಸಿರಾಟದ ವೈಫಲ್ಯ ಮತ್ತು ವೆಂಟಿಲೇಟರ್: ಕುಟುಂಬದವರು ತಿಳಿದಿರಬೇಕಾದ ವಿಷಯಗಳು

‘ವೆಂಟಿಲೇಟರಿಗೆ ಹಾಕಿದ್ದಾರೆ’ ಎಂಬ ಸುದ್ದಿ ಬಂದೊಡನೆ ಅನೇಕ ಮನೆಗಳಲ್ಲಿ ಆಸೆ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು, ಯಂತ್ರ ಇಟ್ಟ ಮೇಲೆ ಜೀವ ಉಳಿದಂತೆಯೇ ಎಂದು ಭಾವಿಸುತ್ತಾರೆ. ಇವೆರಡೂ ಸರಿಯಲ್ಲ. ರೋಗಿಗಳನ್ನು ಭೇಟಿಮಾಡುವ ವಾಳೆಯ ಗುರಿಕಾರರೂ ಧರ್ಮಭಗಿನಿಯರೂ ಈ ವಿಷಯವನ್ನು ತಿಳಿದುಕೊಂಡಿರುವುದು ಉತ್ತಮ.

ಶ್ವಾಸಕೋಶಗಳಿಗೆ ಎರಡು ಕೆಲಸಗಳಿವೆ: ರಕ್ತಕ್ಕೆ ಆಮ್ಲಜನಕವನ್ನು ಕೊಡುವುದು ಮತ್ತು ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದು. ನ್ಯುಮೋನಿಯಾದಂತಹ ರೋಗದಲ್ಲಿ ಗಾಳಿಚೀಲಗಳು ಕೀವು, ನೀರಿನಿಂದ ತುಂಬಿ ಮೊದಲನೆಯ ಕೆಲಸ ಕೆಡುತ್ತದೆ. ವರ್ಷಾನುಗಟ್ಟಲೆ ಬೀಡಿ, ಸಿಗರೇಟು ಸೇದಿ ಶ್ವಾಸನಾಳಗಳು ಕಿರಿದಾದಾಗ ಅಥವಾ ಉಸಿರಾಟದ ಸ್ನಾಯುಗಳು ಸೋತಾಗ ಎರಡನೆಯದೂ ಕೆಡುತ್ತದೆ. ರೋಗಿ ಏದುಸಿರು ಬಿಡುತ್ತಾನೆ, ತುಟಿ ನೀಲಿಯಾಗುತ್ತದೆ, ಮಂಪರು ಕವಿಯುತ್ತದೆ. ಇದೇ ಉಸಿರಾಟದ ವೈಫಲ್ಯ.

ಆಮ್ಲಜನಕ ಮಾತ್ರ ಸಾಲದಿದ್ದರೆ ಮೊದಲು ಬಿಗಿಯಾದ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವುದುಂಟು. ಅದೂ ಸಾಲದಿದ್ದರೆ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ವೆಂಟಿಲೇಟರ್ ಜೋಡಿಸುತ್ತಾರೆ. ಈ ಯಂತ್ರ ರೋಗವನ್ನು ಗುಣಪಡಿಸುವುದಿಲ್ಲ; ಚಿಕಿತ್ಸೆ ಫಲಿಸುವ ತನಕ ಸಮಯ ದೊರಕಿಸಿಕೊಡುತ್ತದೆ. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿ ಸ್ನಾಯುಗಳು ನಿಶ್ಚೇಷ್ಟಿತವಾದವರು, ವಿಷನಿರೋಧಕ ಔಷಧಿಯೊಂದಿಗೆ ಕೆಲವು ದಿನ ವೆಂಟಿಲೇಟರಿನಲ್ಲಿದ್ದು ಸಂಪೂರ್ಣ ಗುಣಮುಖರಾಗಬಹುದು. ಅಂಥವರಿಗೆ ‘ಯಂತ್ರ ಬೇಡ’ ಎಂದು ಹೇಳಿದರೆ ಉಳಿಯುವ ಜೀವವನ್ನು ಕಳೆದುಕೊಂಡಂತೆ.

ಈ ಚಿಕಿತ್ಸೆ ಆರಂಭವಾದುದು 1952ರಲ್ಲಿ, ಕೋಪನ್‌ಹೇಗನ್‌ನ ಪೋಲಿಯೋ ಪಿಡುಗಿನ ಸಮಯದಲ್ಲಿ. ಡಾ. ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ವೈದ್ಯಕೀಯ ವಿದ್ಯಾರ್ಥಿಗಳು ಹಗಲಿರುಳು ಸರದಿಯಲ್ಲಿ ಕುಳಿತು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ರೋಗಿಗಳಿಗೆ ಉಸಿರು ನೀಡಿದರು. ಸಾವಿನ ಪ್ರಮಾಣ ಬಹಳಷ್ಟು ಇಳಿಯಿತು.

ಆದರೆ ಎಲ್ಲ ರೋಗಗಳೂ ಗುಣವಾಗುವಂಥವಲ್ಲ. ದಿನ ಕಳೆದಂತೆ ಸೋಂಕು, ಸ್ನಾಯುಗಳ ದೌರ್ಬಲ್ಯ ಹೆಚ್ಚುತ್ತವೆ. ಗುಣವಾಗುವ ಆಸೆಯೇ ಇಲ್ಲದಾಗ ಯಂತ್ರ ತೆಗೆದರೆ ಅದು ಕೊಲೆಯೇ ಎಂದು ಅನೇಕರು ನೊಂದು ಕೇಳುತ್ತಾರೆ. 12ನೇ ಪಿಯುಸ್ ಜಗದ್ಗುರುಗಳು 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರಿಗೆ ನೀಡಿದ ಉತ್ತರದಲ್ಲಿ, ಅಸಾಮಾನ್ಯ ಹೊರೆಯಾಗುವ ಚಿಕಿತ್ಸೆಯನ್ನು ಮುಂದುವರಿಸುವುದು ಕಡ್ಡಾಯವಲ್ಲವೆಂದು ಸ್ಪಷ್ಟಪಡಿಸಿದ್ದರು. ಮರಣವನ್ನು ಉಂಟುಮಾಡುವುದು ಬೇರೆ. ತಡೆಯಲಾಗದ ಮರಣವನ್ನು ಒಪ್ಪಿಕೊಳ್ಳುವುದು ಬೇರೆ. ನಮ್ಮ ದೇಶದ ಸುಪ್ರೀಂ ಕೋರ್ಟ್ ಸಹ 2018ರಲ್ಲಿ, ವೈದ್ಯಕೀಯ ಮಂಡಳಿಗಳ ಪರಿಶೀಲನೆಯ ನಂತರ ಜೀವರಕ್ಷಕ ಚಿಕಿತ್ಸೆಯನ್ನು ಹಿಂಪಡೆಯಲು ಅವಕಾಶ ನೀಡಿತು. 2023ರಲ್ಲಿ ಆ ಕ್ರಮವನ್ನು ಸರಳಗೊಳಿಸಿತು.

ಆದುದರಿಂದ ಕುಟುಂಬದವರು ಗಾಬರಿಯಲ್ಲಿ ನಿರ್ಧರಿಸದೆ ವೈದ್ಯರಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಲಿ: ಉಸಿರಾಟ ಸೋತ ಕಾರಣವೇನು? ಅದು ಗುಣವಾಗುವಂಥದ್ದೇ? ಎಷ್ಟು ದಿನ ಪ್ರಯತ್ನಿಸಿ ಪುನಃ ಪರಿಶೀಲಿಸುತ್ತೀರಿ? ಖರ್ಚಿನ ಬಗ್ಗೆಯೂ ಸಂಕೋಚವಿಲ್ಲದೆ ಕೇಳಬೇಕು.

ಭೇಟಿಗೆ ಹೋಗುವವರು ಕೈ ತೊಳೆದೇ ಒಳಹೋಗಲಿ. ಕೊಳವೆ ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ರೋಗಿಗೆ ಮಾತಾಡಲಾಗದು, ಆದರೆ ಕೇಳಿಸುತ್ತಿರಬಹುದು. ಹಾಸಿಗೆಯ ಬದಿಯಲ್ಲಿ ನಿಂತು ಸಾವಿನ ಮಾತು, ಆಸ್ತಿಯ ಮಾತು ಬೇಡ. ಹೆಸರು ಹಿಡಿದು ಕರೆಯಿರಿ, ಕೈ ಹಿಡಿಯಿರಿ, ಮನೆಯವರು ಹೊರಗೆ ಕಾಯುತ್ತಿದ್ದಾರೆಂದು ತಿಳಿಸಿರಿ.