ಕೆಂಪುಕಲ್ಲಿನ ಮೇಲೊಂದು ಹಣ್ಣಿನ ಹಿತ್ತಲು

ಬೀದರಿನ ಮೈಲೂರಿನ ಹಿತ್ತಲಲ್ಲಿ ಗುಂಡಿ ತೋಡಲು ಹಾರೆ ಹಾಕಿದರೆ ಮೊದಲು ಎದುರಾಗುವುದು ಕೆಂಪುಕಲ್ಲು. ಸಮುದ್ರಮಟ್ಟದಿಂದ 2,000 ಅಡಿಗೂ ಮಿಕ್ಕ ಎತ್ತರದಲ್ಲಿ ಬೀದರ ನಗರ ಕೂತಿರುವುದೇ ಈ ಜಂಬಿಟ್ಟಿಗೆಯ ಮೇಲೆ. ಕೋಟೆಯ ಮೂರು ಸುತ್ತಿನ ಕಂದಕವನ್ನು ಕಡಿದದ್ದೂ ಇದರಲ್ಲೇ. ತೂತುತೂತಾದ ಈ ಕಲ್ಲು ಮಳೆನೀರನ್ನು ಹಿಡಿದಿಡದೆ ಕೆಳಕ್ಕೆ ಬಿಡುತ್ತದೆ. ಅಡಿಯ ಜೇಡಿ ಪದರಕ್ಕೆ ತಾಕಿದ ನೀರು ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನೌಬಾದಿನ ಸುರಂಗ ಬಾವಿ ತೋಡಿದವರು ನೆಚ್ಚಿದ್ದು ಇದೇ ಗುಣವನ್ನು. ಊರಿಗೆ ನೀರು ಕೊಟ್ಟ ಈ ಗುಣವೇ ಎಳೆಯ ಸಸಿಗೆ ಕಷ್ಟ: ಮಳೆ ನಿಂತ ಕೆಲವೇ ದಿನಗಳಲ್ಲಿ ಬೇರಿನ ಸುತ್ತ ತೇವ ಆರಿಹೋಗುತ್ತದೆ.

ಭಾಲ್ಕಿ, ಔರಾದ ಕಡೆಯ ಎರೆಮಣ್ಣಿನಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿ ಮಳೆಗಾಲದಲ್ಲಿ ನೀರು ಇಂಗದೆ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುತ್ತದೆ. ಮೈಲೂರಿನಲ್ಲಿ ಮೂರಡಿ ಗುಂಡಿ ತೆಗೆದು, ಎರೆಮಣ್ಣು ಮತ್ತು ಕಳಿತ ತಿಪ್ಪೆಗೊಬ್ಬರ ತುಂಬಿ ನೆಡಬೇಕು. ಔರಾದಿನಲ್ಲಿ ಒಂದೆರಡು ಅಡಿ ಮಣ್ಣು ಏರಿಸಿ, ದಿಬ್ಬದ ಮೇಲೆ ನೆಡಬೇಕು. ಕಲ್ಲಿನಲ್ಲಿ ತೋಡಿದ ಗುಂಡಿಗೆ ರಾತ್ರಿ ನೀರು ತುಂಬಿಸಿ ನೋಡಿ. ಬೆಳಗ್ಗೆಯೂ ನಿಂತಿದ್ದರೆ ತಳದ ಗಟ್ಟಿ ಪದರ ಒಡೆಯದೆ ಸಸಿ ಇಡಬೇಡಿ.

ಅಪರೂಪದ ಹಣ್ಣು ಎಂದೊಡನೆ ಈಗ ರಂಬುಟಾನ್, ಮ್ಯಾಂಗೋಸ್ಟೀನ್ ಹೆಸರು ಕೇಳಿಬರುತ್ತವೆ. ಕರಾವಳಿಯಲ್ಲಿ, ಕೊಡಗಿನಲ್ಲಿ ಅವು ಚೆನ್ನಾಗಿ ಬರುತ್ತವೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ರಂಬುಟಾನ್ ತಳಿಗಳನ್ನೂ ಕೊಟ್ಟಿದೆ. ಆದರೆ ಅವೆರಡೂ ವರ್ಷವಿಡೀ ಗಾಳಿಯಲ್ಲಿ ತೇವ ಬೇಡುವ ಮರಗಳು. ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಒಣಗಾಳಿಗೆ ಅವುಗಳ ಎಲೆಯಂಚು ಸುಟ್ಟು ಕರಕಲಾಗುತ್ತದೆ. ಆ ಆಸೆಗೆ ದುಡ್ಡು ಸುರಿಯುವ ಬದಲು ನಮ್ಮ ನೆಲ ಒಪ್ಪುವ, ಆದರೆ ನಮ್ಮ ಕಣ್ಣಿಂದ ಮರೆಯಾಗುತ್ತಿರುವ ಮರಗಳತ್ತ ನೋಡಿ ಎಂಬುದು ನನ್ನ ಕಳಕಳಿಯ ಮಾತು.

ಮೊದಲು ಸೀತಾಫಲದ ಬಳಗ. ಬೀದರಿನ ಕಲ್ಲುಗುಡ್ಡಗಳಲ್ಲಿ ತಾನೇ ಹುಟ್ಟಿ ಬೆಳೆಯುವ ಸೀತಾಫಲದ ಮೂಲ ಅಮೆರಿಕ ಖಂಡದ ಉಷ್ಣವಲಯ. ಹೊರಗಿನಿಂದ ಬಂದದ್ದೆಲ್ಲ ಇಲ್ಲಿಗೆ ಒಗ್ಗದು ಎನ್ನುವಂತಿಲ್ಲ. ಅದರ ದಾಯಾದಿ ರಾಮಫಲವೂ ಅಲ್ಲಿಂದಲೇ ಬಂದದ್ದು. ಸೀತಾಫಲ ದಸರೆ, ದೀಪಾವಳಿಯ ಹಣ್ಣಾದರೆ ರಾಮಫಲ ಮಾಗುವುದು ಶಿವರಾತ್ರಿಯಿಂದ ರಾಮನವಮಿಯ ಆಸುಪಾಸಿನಲ್ಲಿ. ಎರಡೂ ಇರುವ ಹಿತ್ತಲಿಗೆ ವರ್ಷದಲ್ಲಿ ಎರಡು ಸುಗ್ಗಿ. ಬೀಜದ ಗಿಡವೂ ಮೂರು–ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ.

ಹೂ ತುಂಬಿದರೂ ಕಾಯಿ ನಿಲ್ಲಲಿಲ್ಲ ಎಂಬ ದೂರು ಸಾಮಾನ್ಯ. ಇದಕ್ಕೆ ಹೂವಿನ ಸ್ವಭಾವವೇ ಕಾರಣ. ಈ ಬಳಗದ ಹೂವು ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ ಕೆಲಸ ಮಾಡುತ್ತದೆ. ತನ್ನದೇ ಪರಾಗ ಉದುರುವ ಹೊತ್ತಿಗೆ ಅದರ ಶಲಾಕಾಗ್ರದ ಅಂಟು ಆರಿರುತ್ತದೆ. ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗ ಒಯ್ಯುವುದು ಸಣ್ಣ ಜೀರುಂಡೆಗಳು. ಬೇಸಿಗೆಯ ಒಣ ಹವೆಯಲ್ಲಿ ಅಂಟು ಬೇಗ ಆರುವುದರಿಂದ ಆಗಿನ ಹೂಗಳು ಬಹುಪಾಲು ಉದುರುತ್ತವೆ, ಮಳೆ ಬಿದ್ದ ಮೇಲಿನವು ಕಾಯಿ ಕಟ್ಟುತ್ತವೆ. ಮನೆಯಂಗಳದ ಒಂದೆರಡು ಗಿಡಕ್ಕೆ ನಾವೇ ಜೀರುಂಡೆಯಾಗಬಹುದು. ಪೂರ್ತಿ ಬಿರಿದ ಹೂವಿನ ಪರಾಗವನ್ನು ಸಣ್ಣ ಡಬ್ಬಿಗೆ ಉದುರಿಸಿಕೊಂಡು, ನಸುಕಿನಲ್ಲಿ ಅರೆಬಿರಿದ ಹೂವಿನ ಒಳಗೆ ಮೆತ್ತನೆಯ ಕುಂಚದಿಂದ ಸುತ್ತಲೂ ಸವರಬೇಕು. ಒಂದೇ ಕಡೆ ತಾಕಿದರೆ ಹಣ್ಣು ಸೊಟ್ಟಗಾಗುತ್ತದೆ. ಸೀತಾಫಲದ ಒಂದೊಂದು ಕಣ್ಣೂ ಪ್ರತ್ಯೇಕ ಅಂಡಾಶಯ, ಪರಾಗ ಸಿಗದ ಕಣ್ಣು ಬೆಳೆಯುವುದಿಲ್ಲ.

ಇದೇ ಬಳಗದ ಲಕ್ಷ್ಮಣಫಲ ಕ್ಯಾನ್ಸರ್ ಗುಣಪಡಿಸುತ್ತದೆಂಬ ಪ್ರಚಾರ ನಂಬಬೇಡಿ. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು ಮತ್ತು ಎಲೆಯ ಕಷಾಯದ ಅತಿಬಳಕೆಗೂ ಪಾರ್ಕಿನ್ಸನ್ ಮಾದರಿಯ ನರರೋಗಕ್ಕೂ ನಂಟಿರಬಹುದೆಂದು 1999ರಲ್ಲಿ ವೈದ್ಯರು ಎಚ್ಚರಿಸಿದರು. ಅಪರೂಪಕ್ಕೊಮ್ಮೆ ಹಣ್ಣೆಂದು ತಿನ್ನಿ, ಔಷಧವೆಂದು ದಿನಾ ಕುಡಿಯಬೇಡಿ. ಸೀತಾಫಲದ ಬೀಜದ ಪುಡಿಯನ್ನು ಹೇನಿಗೆಂದು ತಲೆಗೆ ಹಚ್ಚುವವರಿದ್ದಾರೆ. ಅದು ಕಣ್ಣಿಗೆ ಬಿದ್ದರೆ ತೀವ್ರ ಗಾಯವಾಗುತ್ತದೆ.

ಮುಂದಿನದು ಖಿರಣಿ. ಅದನ್ನು ಬೇಸಿಗೆಯ ಸಂತೆಗಳಲ್ಲಿ ನೋಡಿದವರಿದ್ದಾರೆ: ಬೇವಿನ ಹಣ್ಣಿನಷ್ಟು ದೊಡ್ಡದು, ಹಳದಿ, ಸವಿ, ತುಟಿಗೆ ಅಂಟುವ ಹಾಲು. ಚಿಕ್ಕುವನ್ನು ಕಸಿ ಕಟ್ಟುವುದು ಸಾಮಾನ್ಯವಾಗಿ ಖಿರಣಿಯ ಬುಡದ ಮೇಲೆ. ಹಾಗಾಗಿ ಕಸಿಚಿಕ್ಕು ಮೇಲೆ ಒಣಗಿ, ಕಸಿಗಂಟಿನ ಕೆಳಗೆ ಚಿಗುರು ಒಡೆದರೆ ಕಿತ್ತೆಸೆಯಬೇಡಿ. ನಿಮಗೆ ಅರಿವಿಲ್ಲದೆಯೇ ಒಂದು ಖಿರಣಿ ಸಿಕ್ಕಿರಬಹುದು. ಬೆಳೆಯುವುದು ನಿಧಾನ, ಬಾಳಿಕೆ ದೀರ್ಘ. ಗೋಡೆಯಿಂದ 20 ಅಡಿ ಜಾಗ ಬಿಡಿ.

ಬೆಳವಲವೂ ಜಾಗ ಬೇಡುವ ಮರವೇ. ಬೀಜದಿಂದ ಬೆಳೆಸಿದರೆ ಫಲಕ್ಕೆ 15 ವರ್ಷ ಕಾಯಬೇಕಾಗುತ್ತದೆ, ಕಸಿಗಿಡವೇ ಲೇಸು. ಕಾಯಿ ಮಾಗಿತೋ ಎಂದು ತಿಳಿಯಲು ಒಂದಡಿ ಎತ್ತರದಿಂದ ನೆಲಕ್ಕೆ ಬಿಡುತ್ತಾರೆ. ಪುಟಿದರೆ ಇನ್ನೂ ಕಾಯಿ, ಧಪ್ಪನೆ ಕೂತರೆ ಹಣ್ಣು, ಜೊತೆಗೆ ತಿನ್ನಲು ಬೆಲ್ಲ ತೆಗೆದಿಡಿ.

ಈ ವರ್ಷವೇ ಶುರುಮಾಡುವುದಾದರೆ ರಾಮಫಲ ಸುಲಭ. ರಾಮನವಮಿಗೆ ತಿಂದ ಹಣ್ಣಿನ ಬೀಜ ತೊಳೆದು ನೆರಳಲ್ಲಿ ಒಣಗಿಸಿ, ಒಂದು ರಾತ್ರಿ ನೀರಲ್ಲಿ ನೆನೆಸಿ, ಮಣ್ಣು–ಗೊಬ್ಬರ ತುಂಬಿದ ಚೀಲಕ್ಕೆ ಹಾಕಿ. ಮೊಳಕೆಗೆ ಒಂದು ತಿಂಗಳಾದರೂ ಬೇಕು. ಮೊದಲ ಬೇಸಿಗೆಯನ್ನು ಸಸಿ ಚೀಲದಲ್ಲೇ, ಗೋಡೆಯ ನೆರಳಲ್ಲಿ ಕಳೆಯಲಿ. ಮುಂದಿನ ವರ್ಷದ ಮೃಗಶಿರ ಮಳೆಗೆ ನೆಲಕ್ಕಿಳಿಸಿ.