ಪುದೀನ ಇಲ್ಲದ ಪೆಪ್ಪರಮೆಂಟು, ಅಟ್ಟ ಸೇರಿದ ಅಚ್ಚು!

ಅಂಗಡಿ ಗಲ್ಲಾದ ಪಕ್ಕದ ಭರಣಿಯಲ್ಲಿರೋದೆಲ್ಲ ನಮ್ಮ ಜನಕ್ಕೆ ಪೆಪ್ಪರಮೆಂಟು. ಕಿತ್ತಳೆಯದಾದರೂ ಪೆಪ್ಪರಮೆಂಟೇ, ಶುಂಠಿಯದಾದರೂ ಪೆಪ್ಪರಮೆಂಟೇ! ಅಸಲಿಗೆ ಅದು ಪುದೀನ ಜಾತಿಯ ಒಂದು ಗಿಡದ ಹೆಸರು. ಅದರ ಎಣ್ಣೆಯಲ್ಲಿರುವ ಮೆಂಥಾಲ್ ಬಾಯನ್ನೇನೂ ತಣ್ಣಗೆ ಮಾಡೋದಿಲ್ಲ; ತಣ್ಣಗಾಯಿತು ಅಂತ ನರಗಳಿಗೆ ಸುಳ್ಳು ಹೇಳುತ್ತದೆ, ಅಷ್ಟೆ.

ಸಂಕ್ರಾಂತಿ ಎಳ್ಳಿಗೆ ಬೆರೆಸುವ ಬಣ್ಣಬಣ್ಣದ ಜೀರಿಗೆ ಪೆಪ್ಪರಮೆಂಟಿನ ಕತೆಯೂ ಇದೇ. ಒಳಗೆ ಜೀರಿಗೆ, ಮೇಲೆ ಸಕ್ಕರೆ; ಪುದೀನದ ಸೋಂಕೂ ಇಲ್ಲ. ಅದು ಅಂಗಡಿ ಮಾಲು, ಬಿಡಿ. ಆದರೆ ಮನೆಯಲ್ಲೇ ಹೆಚ್ಚಿ, ಒಣಗಿಸಿ, ಹುರಿಯುತ್ತಿದ್ದ ಬೆಲ್ಲ, ಕೊಬ್ಬರಿ, ಕಡಲೆಬೀಜವೂ ಈಗ ಬೆರೆಸಿದ ಪೊಟ್ಟಣದಲ್ಲೇ ಸಿಗುತ್ತದೆ.

ಎಲ್ಲಕ್ಕಿಂತ ಕೈತಪ್ಪುತ್ತಿರೋದು ಸಕ್ಕರೆ ಅಚ್ಚು. ಕುದಿಯುವ ಸಕ್ಕರೆ ಪಾಕಕ್ಕೆ ಹಾಲು ಬಿಟ್ಟರೆ ಕೊಳೆ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು ಸೋಸಬೇಕು. ಆಮೇಲೆ ಸ್ವಲ್ಪಸ್ವಲ್ಪವೇ ಪಾಕ ಕಾಯಿಸಿ, ಬೆಳ್ಳಗಾಗುವ ತನಕ ತಿರುವಿ, ನೀರಲ್ಲಿ ನೆನೆಸಿ ಜೋಡಿಸಿ ಕಟ್ಟಿದ ಮರದ ಅಚ್ಚಿಗೆ ಹುಯ್ಯಬೇಕು. ಬೇಗ ಹುಯ್ದರೆ ಗಟ್ಟಿಯಾಗೋದಿಲ್ಲ, ತಡವಾದರೆ ಬಾಣಲೆಯಲ್ಲೇ ಕಲ್ಲು! ಈ ಹದ ಪುಸ್ತಕ ನೋಡಿದರೆ ಬರೋದಲ್ಲ, ಅತ್ತೆಯ ಪಕ್ಕ ನಿಂತು ಕಲೀಬೇಕು. ಅತ್ತೆಗೆ ಕೈನೋವು, ಸೊಸೆಗೆ ಏಳೂವರೆ ಬಸ್ಸು. ಯಾರನ್ನು ದೂರೋಣ?

ಸಿದ್ಧ ಅಚ್ಚು ಮಾರುವ ಅಂಗಡಿಯವರದೂ ತಪ್ಪಲ್ಲ, ಅದು ಅವರ ವ್ಯಾಪಾರ. ಆದರೆ ಆನೆ, ಗಿಳಿ, ತುಳಸಿಕಟ್ಟೆ ಕೊರೆದ ಹಳೇ ಮರದ ಅಚ್ಚುಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಧೂಳು ಹಿಡಿದಿವೆ. ಮರ ಒಣಗಿ ಬಿರುಕು ಬಿಟ್ಟರೆ ಪಾಕ ಸೋರುತ್ತದೆ. ಹಬ್ಬ ಬರೋದು ಜನವರಿ 14 ಅಥವಾ 15ಕ್ಕೆ. ಅಚ್ಚು ಇನ್ನೂ ಗಟ್ಟಿಯಿರುವ ಮನೆಯವರು ಹಿಂದಿನ ರಾತ್ರಿಯೇ ನೀರಿಗೆ ಹಾಕಿಡಿ.