ಹನ್ನೊಂದನೆಯ ದಿನ ಕಳೆದ ಮೇಲೆ

ಕಳೆದ ಚಳಿಗಾಲದಲ್ಲಿ ನಮ್ಮ ಕಚೇರಿಯ ಮಿತ್ರರೊಬ್ಬರ ತಂದೆಯವರು ದ್ವಾರಕಾದಲ್ಲಿ ಮಗನ ಮನೆಯಲ್ಲಿಯೇ ತೀರಿಕೊಂಡರು. ತಿಪಟೂರಿನ ಕಡೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ, ನಿವೃತ್ತರಾಗಿ, ಮುಪ್ಪಿನಲ್ಲಿ ಹೆಂಡತಿಯೊಡನೆ ಮಗನ ಆಸರೆಗೆಂದು ದಿಲ್ಲಿಗೆ ಬಂದವರು. ಸುದ್ದಿ ತಿಳಿದು ನಾವು ಓಡಿಹೋಗುವಷ್ಟರಲ್ಲಿ ನೆರೆಯ ಪಂಜಾಬಿ ಮತ್ತು ಹರಿಯಾಣದ ಗೃಹಸ್ಥರು ಚಟ್ಟಕ್ಕೆ ಬಿದಿರು ತರಿಸಿದ್ದರು, ಗಾಡಿ ಗೊತ್ತುಮಾಡಿದ್ದರು. ಆಮೇಲೆ ಐದಾರು ದಿನ ಎರಡು ಹೊತ್ತೂ ರೊಟ್ಟಿ ಬೇಳೆಯನ್ನು ಅವರ ಮನೆಗಳಿಂದಲೇ ಕಳುಹಿಸಿದರು. ದಿಲ್ಲಿಯ ಜನ ಒರಟರೆಂದು ಊರಿಗೆ ಹೋದಾಗಲೆಲ್ಲ ಹೇಳುವ ನಮ್ಮವರು ಇದನ್ನೂ ಸೇರಿಸಿ ಹೇಳಬೇಕು.

ತೊಡಕು ಆರಂಭವಾದದ್ದು ಆ ಮೇಲೆ. ನಾಲ್ಕನೆಯ ದಿನ ‘ಉಠಾಲಾ’ ಯಾವ ಮಂದಿರದಲ್ಲಿ ಎಂದು ನೆರೆಯವರು ಕೇಳಿದರು. ಬಿಳಿಯ ಬಟ್ಟೆ ಉಟ್ಟು ಒಂದು ಗಂಟೆ ಕುಳಿತು, ಮನೆಯವರಿಗೆ ಕೈಮುಗಿದು ಹೊರಡುವ ಈ ರೂಢಿ ನಮ್ಮ ಮಿತ್ರರಿಗೆ ಹೊಸದು. ಅವರ ಚಿಂತೆಯೆಲ್ಲ ಮೂರನೆಯ ದಿನದ ಹಾಲುತುಪ್ಪ, ಹನ್ನೊಂದನೆಯ ದಿನದ ತಿಥಿ ಇವುಗಳಲ್ಲಿತ್ತು. ತಿಥಿಯೂ ಹೇಗೋ ಮುಗಿಯಿತು. ಆದರೆ ಇಲ್ಲಿ ದೊಡ್ಡ ದಿನವೆಂದರೆ ಹದಿಮೂರನೆಯದು, ‘ತೇರಹ್ವೀಂ’. ಆ ದಿನ ನೆರೆಯವರೆಲ್ಲ ಗಂಭೀರವಾಗಿ ಬಾಗಿಲಿಗೆ ಬಂದು ನಿಂತಾಗ ಮನೆಯಲ್ಲಿ ಏನೂ ಇರಲಿಲ್ಲ. ಸೊಸೆ ಗಾಬರಿಯಿಂದ ಚಹಕ್ಕೆ ನೀರಿಟ್ಟರು. ಬಂದವರಿಗೂ ಸಂಕೋಚ, ಮನೆಯವರಿಗೂ ಸಂಕೋಚ.

ಕನ್ನಡಿಗರ ಪದ್ಧತಿ ಇದು ಎಂದು ಒಂದೇ ಮಾತಿನಲ್ಲಿ ಹೇಳುವಂತೆಯೂ ಇಲ್ಲ. ಬ್ರಾಹ್ಮಣರ ಮನೆಗಳಲ್ಲಿ ವೈಕುಂಠ ಸಮಾರಾಧನೆ. ಲಿಂಗಾಯತರಲ್ಲಿ ಸುಡುವುದಿಲ್ಲ, ಕುಳ್ಳಿರಿಸಿ ಸಮಾಧಿ ಮಾಡುವುದು ರೂಢಿ. ಮಂಗಳೂರಿನ ಕ್ರೈಸ್ತರಲ್ಲಿ ತಿಂಗಳ ಬಲಿಪೂಜೆ. ಸಹಾಯಕ್ಕೆ ಹೋದವರು ನಾಲ್ಕು ಮಾತು ಹೇಳುವ ಮೊದಲು ‘ನಿಮ್ಮಲ್ಲಿ ಹೇಗೆ?’ ಎಂದು ಒಂದು ಮಾತು ಕೇಳಿದರೆ ಅರ್ಧ ಕಷ್ಟ ತಪ್ಪುತ್ತದೆ. ಅಸ್ಥಿಯ ವಿಷಯವೂ ಹಾಗೆಯೇ. ಇಲ್ಲಿಯವರು ಹರಿದ್ವಾರ ಅಥವಾ ಗಢಮುಕ್ತೇಶ್ವರ ಎನ್ನುತ್ತಾರೆ. ನಮ್ಮವರಲ್ಲಿ ಹಲವರ ಮನಸ್ಸು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿರುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೇ ಎರಡು ರಾತ್ರಿಯ ಪ್ರಯಾಣ. 2020ರ ಲಾಕ್‌ಡೌನಿನಲ್ಲಿ ಹರಿದ್ವಾರಕ್ಕೂ ಹೋಗಲಾರದೆ ದಿಲ್ಲಿಯ ಸ್ಮಶಾನಗಳ ಕಪಾಟುಗಳಲ್ಲಿ ಅಸ್ಥಿಗಳು ವಾರಗಟ್ಟಲೆ ಕಾದಿದ್ದವು.

ಗುಮಾಸ್ತೆಗಳಾದ ನಾವು ಕಾಗದದ ಮಾತನ್ನೂ ಎರಡು ಹೇಳಿಬಿಡುತ್ತೇವೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಮನೆಯಲ್ಲಿ ತೀರಿಕೊಂಡರೆ ತಿಳಿಸುವ ಹೊಣೆ ಮನೆಯವರದೇ. ನಮ್ಮವರ ಹೆಸರಿನ ಹಿಂದಿರುವ ಎರಡು ಇನಿಷಿಯಲ್ಲುಗಳು ಆಧಾರಿನಲ್ಲಿ ಒಂದು ಬಗೆ, ಬ್ಯಾಂಕಿನಲ್ಲಿ ಇನ್ನೊಂದು ಬಗೆ, ಪಿಂಚಣಿ ಪುಸ್ತಕದಲ್ಲಿ ಮತ್ತೊಂದು ಬಗೆ ಇರುವುದುಂಟು. ಮರಣಪತ್ರದಲ್ಲಿ ನಾಲ್ಕನೆಯ ಬಗೆ ಸೇರದಂತೆ ಮೊದಲೇ ನೋಡಿಕೊಳ್ಳುವುದು ಮೇಲು. ಇನ್ನು ರಜೆ: ಕೇಂದ್ರ ಸರ್ಕಾರದ ನೌಕರನಿಗೆ ಸೂತಕಕ್ಕೆಂದು ಬೇರೆ ರಜೆ ಇಲ್ಲ. ಸಾಂದರ್ಭಿಕ ರಜೆ ವರ್ಷಕ್ಕೆ 8 ದಿನ. ಅದನ್ನು ಗಳಿಕೆ ರಜೆಗೆ ಜೋಡಿಸುವಂತಿಲ್ಲ. ನಮ್ಮ ಮಿತ್ರರು ಹದಿನಾಲ್ಕನೆಯ ದಿನ ಮೇಜಿಗೆ ಬಂದು ಕುಳಿತರು.

ಮನೆಯಲ್ಲಿ ಉಳಿದವರು ತಾಯಿ. ನಿಜವಾಗಿ ಈ ಲೇಖನ ಆ ತಾಯಿಯನ್ನು ಕುರಿತದ್ದು.

ನಾವೂ ಮೂರನೆಯ ದಿನ ಹೋಗಿ ಕೈಮುಗಿದು, ಬಸ್ಸಿನ ಹೊತ್ತಾಯಿತೆಂದು ಗಡಿಯಾರ ನೋಡಿ ಹೊರಟವರೇ. ತಿಂಗಳಾದ ಮೇಲೆ ಒಂದು ಭಾನುವಾರ ಮನೆಯವಳನ್ನು ಕರೆದುಕೊಂಡು ಹೋದೆವು. ಮಗನೂ ಸೊಸೆಯೂ ಸಾಮಾನಿಗೆಂದು ಪೇಟೆಗೆ ಹೋಗಿದ್ದರು. ‘ಹೇಗಿದ್ದೀರಮ್ಮಾ?’ ಎಂದು ಕೇಳಿದ್ದೇ ತಡ, ಆಕೆ ನಮ್ಮ ಮನೆಯವಳ ಕೈ ಹಿಡಿದುಕೊಂಡು, ‘ಇಷ್ಟು ದಿನದಲ್ಲಿ ಒಂದು ಸಲಾನೂ ಬಾಯ್ತುಂಬ ಅಳಲಿಲ್ಲ ಕಣಮ್ಮ’ ಎಂದರು. ‘ಊರಲ್ಲಾಗಿದ್ರೆ ಹೆಂಗಸರು ಸುತ್ತ ಕೂತು ಅವರ ಒಂದೊಂದು ಗುಣಾನೂ ಹೇಳಿ ಹಾಡ್ಕೊಂಡು ಅಳೋರು. ಇಲ್ಲಿ ಗೋಡೆ ತೆಳ್ಳಗೆ, ಪಕ್ಕದವರು ಏನಂದುಕೊಳ್ತಾರೋ ಅಂತ ಮಗ ಅಂದ. ಬಂದೋರೆಲ್ಲ “ಹೌಸ್ಲಾ ರಖಿಯೇ” ಅಂತಿದ್ರು. ಹಾಗಂದ್ರೇನಪ್ಪಾ ಅಂತ ಮೊಮ್ಮಗನನ್ನ ಕೇಳಿದ್ರೆ “ಕರೇಜ್ ಅಜ್ಜಿ” ಅಂದ. ಅದೂ ತಿಳೀಲಿಲ್ಲ.’

ಅಂದು ಎರಡು ಗಂಟೆ ಆಕೆ ಮಾತನಾಡಿದರು, ಅತ್ತರು, ನಡುವೆ ನಕ್ಕರು ಕೂಡ. ಮೇಷ್ಟರು ಸೈಕಲ್ ಕಲಿಯಲು ಹೋಗಿ ಕೆರೆಯ ಏರಿಯಿಂದ ಉರುಳಿದ ಕಥೆ ಕೇಳಿದೆವು. ನಾವು ಮಾಡಿದ್ದು ಕುಳಿತದ್ದಷ್ಟೇ. ಮಗ ಪ್ರೀತಿಯಿಲ್ಲದವನಲ್ಲ, ಅವನ ದುಃಖವೂ ಹಿರಿದೇ. ಆದರೆ ಅವನ ಎದುರು ಅತ್ತರೆ ಅವನು ಕುಗ್ಗುತ್ತಾನೆಂದು ತಾಯಿ ತಡೆದುಕೊಂಡಿದ್ದರು. ತಾಯಿ ಕುಗ್ಗುತ್ತಾರೆಂದು ಅವನು ತಂದೆಯ ಹೆಸರನ್ನೇ ಎತ್ತುತ್ತಿರಲಿಲ್ಲ.

ಹೊರದೇಶಗಳಲ್ಲಿ ಇದಕ್ಕೆಂದೇ ಸಂಸ್ಥೆಗಳಿವೆ. ಇಂಗ್ಲೆಂಡಿನಲ್ಲಿ 1959ರಲ್ಲಿ ಮಾರ್ಗರೆಟ್ ಟಾರಿ ಎಂಬಾಕೆ ವಿಧವೆಯರಿಗಾಗಿ ‘ಕ್ರೂಸ್’ ಸಂಸ್ಥೆಯನ್ನು ಆರಂಭಿಸಿದರು. ದಿಲ್ಲಿಯಲ್ಲಿಯೇ ಹರ್ಮಾಲಾ ಗುಪ್ತಾ ಅವರು 1996ರಲ್ಲಿ ಸ್ಥಾಪಿಸಿದ ‘ಕ್ಯಾನ್‌ಸಪೋರ್ಟ್’ ಕ್ಯಾನ್ಸರ್ ರೋಗಿಗಳನ್ನು ಮನೆಗೇ ಹೋಗಿ ಶುಶ್ರೂಷೆ ಮಾಡುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ತೆರೆದ ಟೆಲಿ ಮಾನಸ್‌ಗೆ 14416 ಎಂಬ ಸಂಖ್ಯೆಯಲ್ಲಿ ಉಚಿತವಾಗಿ ಫೋನು ಮಾಡಬಹುದು. ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ನಿದ್ದೆ ಊಟ ಬಿಟ್ಟವರ ವಿಷಯದಲ್ಲಿ ಹಿಂಜರಿಯದೆ ಫೋನು ಮಾಡಬೇಕು. ಆದರೆ ಎಪ್ಪತ್ತು ದಾಟಿದ ತಾಯಿ ತಾನಾಗಿ ಆ ಸಂಖ್ಯೆ ಒತ್ತುತ್ತಾರೆಯೇ?

ಯುಗಾದಿಗೆ, ರಾಜ್ಯೋತ್ಸವಕ್ಕೆ ನಮ್ಮಲ್ಲಿ ಸಮಿತಿಗಳಿವೆ. ಸಾವಿಗೆ ಇರುವುದು ವಾಟ್ಸಾಪಿನ ‘ಓಂ ಶಾಂತಿ’ ಮಾತ್ರ. ಬಡಾವಣೆಗೆ ಇಬ್ಬರಂತೆ ಹೆಂಗಸರು, ಇಬ್ಬರಂತೆ ಗಂಡಸರು ತಮ್ಮ ಹೆಸರನ್ನು ಸಂಘದಲ್ಲಿ ಬರೆಸಿದರೆ ಸಾಕು. ಮೊದಲ ದಿನ ಹೋಗುವುದಕ್ಕಲ್ಲ, ಅಂದು ಜನರಿರುತ್ತಾರೆ. ತಿಂಗಳಾದ ಮೇಲೆ ಒಮ್ಮೆ, ಮೂರು ತಿಂಗಳಿಗೊಮ್ಮೆ, ವರ್ಷದ ತಿಥಿಯ ಹಿಂದಿನ ವಾರ ಒಮ್ಮೆ. ತುಮಕೂರಿನವರಿಗೆ ಆ ಕಡೆಯವರೇ, ಧಾರವಾಡದವರಿಗೆ ಆ ಕಡೆಯವರೇ ಸಿಕ್ಕಿದರೆ ಇನ್ನೂ ಮೇಲು. ಮಾತಿನ ಧಾಟಿಯೂ ಒಂದು ಆಸರೆಯೇ. ನಾವು ದ್ವಾರಕಾಕ್ಕೆ ಹೆಸರು ಕೊಟ್ಟಿದ್ದೇವೆ.

ಅಂದು ಹೊರಡುವಾಗ ಆ ತಾಯಿ ಬಾಗಿಲವರೆಗೂ ಬಂದು, ‘ಅವರಿಗೆ ಅವರೆಕಾಯಿ ಅಂದ್ರೆ ಪ್ರಾಣ. ಇಲ್ಲೆಲ್ಲಾದರೂ ಸಿಗುತ್ತೇನಪ್ಪಾ?’ ಎಂದು ಕೇಳಿದರು. ಐ.ಎನ್.ಎ. ಮಾರುಕಟ್ಟೆಯಲ್ಲಿ ವಿಚಾರಿಸಿ ಮುಂದಿನ ಭಾನುವಾರ ತರುತ್ತೇವೆಂದು ಹೇಳಿ ಬಂದೆವು.